ಎಡ ಮೂಗು, ಬಲ ಮೂಗು

ನಮ್ಮ ಲ್ಯಾಬಿನಲ್ಲಿ ಯಾವ ಟ್ಯೂಬಿನ ಮೇಲೂ ಹೆಸರಿರುವುದಿಲ್ಲ. ಹನ್ನೊಂದು ಆಸ್ಪತ್ರೆಗಳಿಂದ ಮೂಗಿನ ದ್ರವ ಬರುತ್ತದೆ. ಬಂದ ಕೂಡಲೇ ಅದಕ್ಕೊಂದು ಆರಂಕಿಯ ನಂಬರು ಬೀಳುತ್ತದೆ. ಅದೇ ಮನುಷ್ಯನ ಮೂಗಿನಿಂದ ಮುಂದಿನ ತಿಂಗಳು ಇನ್ನೊಂದು ಟ್ಯೂಬು ಬಂದರೆ ಅದಕ್ಕೆ ಇನ್ನೊಂದು ನಂಬರು. ಯಾರ ಮೂಗು ಯಾವುದೆಂದು ನಮಗೆ ತಿಳಿಯಬಾರದು. ತಿಳಿದುಕೊಳ್ಳಲು ಹೋಗುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ಸಹಿ ಮಾಡಿರುತ್ತೇವೆ.

ನನ್ನ ಕೆಲಸ ಆ ದ್ರವದೊಳಗಿನ ವೈರಸ್ಸನ್ನು ಓದುವುದು. ಅದರ ಮೂವತ್ತು ಸಾವಿರ ಅಕ್ಷರಗಳನ್ನು ಯಂತ್ರ ಓದಿ ಕೊಡುತ್ತದೆ, ಎಲ್ಲೆಲ್ಲಿ ಅಕ್ಷರ ಬದಲಾಗಿದೆಯೆಂದು ನಾನು ಗುರುತು ಹಾಕುತ್ತೇನೆ. ವೈರಸ್ಸು ತನ್ನ ನಕಲು ತೆಗೆಯುವಾಗ ಆಗಾಗ ತಪ್ಪು ಮಾಡುತ್ತದೆ. ಬಹಳಷ್ಟು ತಪ್ಪುಗಳಿಂದ ಅದಕ್ಕೇ ನಷ್ಟ. ಅಪರೂಪಕ್ಕೆ ಯಾವುದೋ ಒಂದು ತಪ್ಪಿನಿಂದ ಅನುಕೂಲವಾದರೆ ಆ ತಪ್ಪು ಉಳಿದುಕೊಂಡು ಊರೆಲ್ಲ ಹರಡುತ್ತದೆ. ಹರಡುವ ವೈರಸ್ಸಿನಲ್ಲಿ ಸುಮಾರಾಗಿ ತಿಂಗಳಿಗೆ ಎರಡು ಅಕ್ಷರ ಬದಲಾಗುತ್ತವೆ. ಇವನ್ನೆಲ್ಲ ಸೇರಿಸಿ ನಾವೊಂದು ವಂಶವೃಕ್ಷ ಬರೆದುಕೊಂಡಿದ್ದೇವೆ. ಬಂದ ಟ್ಯೂಬು ಆ ಮರದ ಯಾವುದಾದರೊಂದು ಕೊಂಬೆಯ ಮೇಲೆ ಕೂರಬೇಕು. ಕೂರದಿದ್ದರೆ ಅದು ಕೊಳೆ.

ಕೊಳೆ ಎನ್ನುವುದು ಲ್ಯಾಬಿನ ಮುಖ್ಯಸ್ಥೆ ಮೇಡಂ ಇಟ್ಟ ಹೆಸರು. ಅವರು ದಿನಕ್ಕೆ ಹತ್ತು ಸಲ ಮೇಜು ಒರೆಸುತ್ತಾರೆ. ಬೆನ್ನ ಹಿಂದೆ ನಾವು ಅವರನ್ನು ಒರೆಸಮ್ಮ ಎನ್ನುತ್ತೇವೆ. ಅದು ಅವರಿಗೂ ಗೊತ್ತಿರಬೇಕು, ಏಕೆಂದರೆ ಒಂದು ಸಲ ಹಾಜರಿ ಪುಸ್ತಕದಲ್ಲಿ ಆ ಹೆಸರಿತ್ತು, ಮರುದಿನ ಅದನ್ನು ಒರೆಸಿದ್ದರು. ಇಬ್ಬರ ದ್ರವ ಬೆರೆತುಹೋದರೆ ಯಂತ್ರಕ್ಕೆ ಒಂದೇ ಜಾಗದಲ್ಲಿ ಎರಡೆರಡು ಅಕ್ಷರ ಕಾಣುತ್ತದೆ. ಅಂಥ ಜಾಗ ಐದಕ್ಕಿಂತ ಹೆಚ್ಚಿದ್ದರೆ ಫಲಿತಾಂಶ ಕೊಡಬಾರದು. ಅದನ್ನು ‘ಕೊಳೆ’ ಎಂಬ ಫೋಲ್ಡರಿಗೆ ಹಾಕಿ, ‘ಮಾದರಿ ಕಲುಷಿತ, ತೆಗೆಯುವಾಗ ಎಚ್ಚರ ವಹಿಸಿ’ ಎಂದು ಆಸ್ಪತ್ರೆಗೆ ಬರೆದು ಸಹಿ ಹಾಕಬೇಕು. ಆ ಸಹಿ ನನ್ನದು. ಆ ವರ್ಷ ಅಂಥ ನಲವತ್ತೊಂದು ಸಹಿ ಹಾಕಿದ್ದೆ. ಯಾವ ತಾರೀಖಿನಂದು ಬಂದ ಟ್ಯೂಬು ಕೊಳೆಯಾಯಿತೆಂದು ಕೇಳಿದರೆ ನೋಡದೆಯೇ ಹೇಳಬಲ್ಲೆ. ಯಾರೂ ಕೇಳಿರಲಿಲ್ಲ.

ಹನ್ನೊಂದು ಆಸ್ಪತ್ರೆಗಳಲ್ಲಿ ಒಂದು ನಮ್ಮ ಲ್ಯಾಬಿನ ಅಂಗಳದಾಚೆಯೇ ಇದೆ. ಅದರ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ನನ್ನ ಸೋದರಮಾವ ಇದ್ದರು.

ಮಾವ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಟೈಂಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ತಡವಾಗಿ ಬಂತು ಎಂದು ಬರೆದುಕೊಳ್ಳುವುದು ಕೆಲಸ. ನಿವೃತ್ತಿಯಾದ ಮೇಲೂ ಕೈ ನಿಲ್ಲಲಿಲ್ಲ. ಹಾಲು ಬಂದ ಹೊತ್ತು, ಕರೆಂಟು ಹೋದ ಹೊತ್ತು, ಅತ್ತೆ ಸಿಟ್ಟು ಮಾಡಿಕೊಂಡ ಹೊತ್ತು, ಎಲ್ಲದಕ್ಕೂ ಡೈರಿಯಲ್ಲಿ ಒಂದೊಂದು ಸಾಲು. ಹಿಂದಿನ ವರ್ಷ ಅವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಅದಕ್ಕೆ ಕೊಟ್ಟ ಔಷಧಿ ಕ್ಯಾನ್ಸರಿನ ಕಣಗಳ ಜೊತೆಗೆ ಪ್ರತಿಕಾಯ ತಯಾರಿಸುವ ಕಣಗಳನ್ನೂ ಗುಡಿಸಿಹಾಕಿತು. ಸೋಂಕು ಬಂದಾಗ ಅದರ ಮೈಗೆ ಅಂಟಿಕೊಂಡು ತಡೆಯುವವು ಈ ಪ್ರತಿಕಾಯಗಳೇ. ಆ ಹೊತ್ತಿಗೆ ಸರಿಯಾಗಿ ಊರಿಗೆ ವೈರಸ್ಸು ಬಂತು, ಮಾವನೊಳಗೂ ಬಂತು. ಬೇರೆಯವರಿಗೆ ಒಂದು ವಾರ ಕೆಮ್ಮು, ಎರಡು ವಾರ ಸುಸ್ತು. ಮಾವನಲ್ಲಿ ಅದು ಬಿಡಾರ ಹೂಡಿಬಿಟ್ಟಿತು.

ನಾನು ಹೇಳುತ್ತಿರುವ ಮಂಗಳವಾರಕ್ಕೆ ನೂರ ಮೂವತ್ತೆಂಟು ದಿನವಾಗಿತ್ತು. ವೈರಸ್ಸು ಹೋಗುವವರೆಗೆ ಮುಂದಿನ ಸುತ್ತಿನ ಕೀಮೋ ಕೊಡುವಂತಿರಲಿಲ್ಲ. ಕ್ಯಾನ್ಸರಿನಿಂದ ಕತ್ತಿನಲ್ಲೆದ್ದು, ಮೊದಲ ಔಷಧಿಗೆ ಇಳಿದಿದ್ದ ಗಂಟು ಮತ್ತೆ ಮೇಲೆದ್ದಿತ್ತು. ಹೆಚ್ಚೆಂದರೆ ಇನ್ನೊಂದು ತಿಂಗಳು ಕಾಯಬಹುದು, ಆಮೇಲೆ ಕ್ಯಾನ್ಸರ್ ತನ್ನ ದಾರಿ ಹಿಡಿಯುತ್ತದೆ ಎಂದು ವಾರ್ಡಿನ ಡಾಕ್ಟರು ಅತ್ತೆಗೆ ಹೇಳಿದ್ದರು. ಅತ್ತೆ ಅದನ್ನು ನನಗೆ ಹೇಳಿದ್ದರು. ಮಾವನಿಗೆ ಯಾರೂ ಹೇಳಿರಲಿಲ್ಲ, ಆದರೆ ಡೈರಿಯಲ್ಲಿ ಅವರು ದಿನಾ ಕತ್ತಿನ ಸುತ್ತಳತೆ ಬರೆಯುತ್ತಿದ್ದರು.

ಸಂಜೆ ಐದರಿಂದ ಐದೂಕಾಲು ಭೇಟಿಯ ಸಮಯ. ನಾವು ಗಾಜಿನ ಈಚೆ, ಮಾವ ಆಚೆ. ಮಾತಿಗೆ ಒಂದು ಫೋನು. ಅದನ್ನು ಅತ್ತೆ ಬಿಡುತ್ತಿರಲಿಲ್ಲ.

“ಗಂಜಿ ಕುಡಿದ್ರಾ?”

“ಕುಡಿದೆ. ಹನ್ನೆರಡೂ ನಲವತ್ತಕ್ಕೆ. ಹತ್ತು ನಿಮಿಷ ಲೇಟು.”

“ಪೂರ್ತಿ ಕುಡಿದ್ರಾ ಅಂತ ಕೇಳಿದ್ದು.”

“ಅವಳಿಗೆ ಕೊಡು ಫೋನು.”

ಅತ್ತೆ ನನ್ನ ಕೈಗೆ ಕೊಟ್ಟರು, ಕಿವಿಯನ್ನು ಮಾತ್ರ ಹತ್ತಿರವೇ ಇಟ್ಟುಕೊಂಡರು.

“ಏನಮ್ಮ ಸೈಂಟಿಸ್ಟು,” ಎಂದರು ಮಾವ. “ನಿಮ್ಮ ಲ್ಯಾಬಲ್ಲಿ ಕೆಲಸ ಮಾಡ್ತೀರೋ, ಕೂತು ಕಾಫಿ ಕುಡೀತೀರೋ?”

“ಯಾಕೆ ಮಾವ?”

“ನಾಲ್ಕು ಸಲ ನನ್ನ ಮೂಗಿಂದು ಕೆಟ್ಟುಹೋಯ್ತು ಅಂತ ವಾಪಸ್ ಬರೆದಿದಾರೆ. ಪಾಪ, ಆ ಸಿಸ್ಟರಿಗೆ ಮೆಮೋ ಕೊಟ್ಟಿದಾರೆ, ನಿನ್ನ ಕೈ ಸರಿಯಿಲ್ಲ ಅಂತ. ಅವಳ ಕೈ ಭಾರ, ಅದು ನಿಜ. ಕಡ್ಡಿ ಹಾಕಿದ್ರೆ ಹಿಂದಿನ ಜನ್ಮ ನೆನಪಾಗುತ್ತೆ. ಆದ್ರೆ ಕೊಳಕಿಲ್ಲ.”

“ಯಾವಾಗ್ಯಾವಾಗ ತೆಗೆದಿದ್ದು ಕೆಟ್ಟಿದ್ದು?”

ಕೇಳಬಾರದಿತ್ತು. ಸಹಿ ಮಾಡಿದ್ದು ಇದನ್ನು ಕೇಳುವುದಿಲ್ಲವೆಂದೇ. ಆದರೆ ಮಾವನಿಗೆ ಹೊತ್ತಿನ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿ ಬಹಳ ದಿನವಾಗಿತ್ತು. ದಿಂಬಿನ ಕೆಳಗಿಂದ ಡೈರಿ ತೆಗೆದು, ಪುಟ ಬಿಡಿಸಿ ಗಾಜಿಗೆ ಒತ್ತಿ ಹಿಡಿದರು.

ಗೆರೆ ಎಳೆದು ಪಟ್ಟಿ ಮಾಡಿದ್ದರು. ತಾರೀಖು, ಹೊತ್ತು, ಎಡ ಮೂಗು, ಬಲ ಮೂಗು, ನೋವು. ನೋವಿನ ಕೆಳಗೆ ‘ಸುಮಾರು’, ‘ಜೋರು’, ‘ಕಣ್ಣಲ್ಲಿ ನೀರು, ಎರಡು ನಿಮಿಷ’ ಎಂದೆಲ್ಲ ಇತ್ತು. ಒಟ್ಟು ಹತ್ತೊಂಬತ್ತು ಸಾಲು. ಹದಿನೈದು ವೈರಸ್ಸು ಇದೆಯೋ ಇಲ್ಲವೋ ಎಂದು ನೋಡಲು ಮಾತ್ರ. ನಮ್ಮ ಲ್ಯಾಬಿಗೆ ಬಂದ ನಾಲ್ಕರ ಮುಂದೆ ಕೆಂಪು ಚುಕ್ಕೆ: ನಲವತ್ತೊಂದನೇ ದಿನ, ಅರವತ್ತೆಂಟನೇ ದಿನ, ತೊಂಬತ್ತೇಳನೇ ದಿನ, ನೂರ ಇಪ್ಪತ್ತನಾಲ್ಕನೇ ದಿನ. ಪಕ್ಕದಲ್ಲಿ ತಾರೀಖುಗಳು.

ನಾಲ್ಕೂ ತಾರೀಖು ನನಗೆ ಗೊತ್ತಿದ್ದವು.

“ಕಾಣಿಸ್ತಾ?” ಎಂದರು ಮಾವ. “ಒಂದ್ಸಲ ಎಡ, ಒಂದ್ಸಲ ಬಲ. ಹಾಗೇ ಮಾಡಿ ಅಂತ ನಾನೇ ಹೇಳಿದೀನಿ. ಒಂದೇ ರೂಟಲ್ಲಿ ಎಷ್ಟು ಬಸ್ ಓಡಿಸ್ತೀರಿ?”

“ಗುರುವಾರ ಏನೋ ಔಷಧಿ ಕೊಡ್ತಾರೆ ಅಂತ ಅತ್ತೆ ಅಂದ್ರಲ್ಲ, ಏನದು ಮಾವ?”

“ಹೋದ್ಸಲದ ಡ್ರಿಪ್ಪೇ. ಎಪ್ಪತ್ತೈದನೇ ದಿನ ಕೊಟ್ಟಿದ್ರಲ್ಲ, ಹೊರಗೆ ತಯಾರಿಸಿದ ಪ್ರತಿಕಾಯ ಅಂತ, ಅದೇ. ಹನ್ನೊಂದು ಗಂಟೆಗೆ. ಇನ್ನೊಂದು ಸಲ ಕೊಟ್ರೆ ಹೋಗುತ್ತೆ ಅಂತ ಡಾಕ್ಟ್ರು ಅಂದ್ರು.”

“ಹೋಗುತ್ತೆ,” ಎಂದರು ಅತ್ತೆ, ಫೋನಿಲ್ಲದೆಯೇ, ಗಾಜಿನ ಆಚೆಗೂ ಕೇಳುವಂತೆ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಲ್ಯಾಬಿಗೆ ಹೋಗಿ ಕೊಳೆ ಫೋಲ್ಡರ್ ತೆರೆದೆ. ಆ ನಾಲ್ಕು ತಾರೀಖುಗಳ ಫಲಿತಾಂಶಗಳನ್ನು ಅಚ್ಚು ಹಾಕಿ, ಒಂದರ ಪಕ್ಕ ಒಂದಿಟ್ಟೆ. ಈ ಮೊದಲು ಯಾರೂ ಹಾಗೆ ಇಟ್ಟಿರಲಿಲ್ಲ. ಇಡಲು ಕಾರಣವಿರಲಿಲ್ಲ, ನಾಲ್ಕು ನಂಬರು, ನಾಲ್ಕು ಮೂಗು, ನಾಲ್ಕು ಕೊಳೆ.

ಮೊದಲನೆಯದರಲ್ಲಿ ಏಳು ಅಕ್ಷರ ಬದಲಾಗಿದ್ದವು. ಎರಡನೆಯದರಲ್ಲಿ ಹನ್ನೆರಡು, ಮೂರನೆಯದರಲ್ಲಿ ಹದಿನೆಂಟು, ನಾಲ್ಕನೆಯದರಲ್ಲಿ ಇಪ್ಪತ್ತೈದು. ಹನ್ನೆರಡರೊಳಗೆ ಮೊದಲಿನ ಏಳೂ ಇದ್ದವು. ಹದಿನೆಂಟರೊಳಗೆ ಆ ಹನ್ನೆರಡೂ. ಇಪ್ಪತ್ತೈದರೊಳಗೆ ಆ ಹದಿನೆಂಟೂ. ಕೊಳೆ ಹೀಗೆ ನಡೆದುಕೊಳ್ಳುವುದಿಲ್ಲ. ಕೊಳೆಗೆ ನೆನಪಿರುವುದಿಲ್ಲ.

ಒಂದೇ ಜಾಗದ ಎರಡೆರಡು ಅಕ್ಷರಗಳು ಇಬ್ಬರು ಮನುಷ್ಯರದ್ದಾಗಿರಲಿಲ್ಲ. ಒಬ್ಬನೇ ಮನುಷ್ಯನೊಳಗೆ ಹಳೆಯ ವೈರಸ್ಸೂ ಅದರ ಮಕ್ಕಳೂ ಒಟ್ಟಿಗೆ ಸಂಸಾರ ಮಾಡುತ್ತಿದ್ದವು. ಪ್ರತಿಕಾಯದ ಔಷಧಿ ಬಂದು ಅಂಟಿಕೊಳ್ಳಬೇಕಾದ ಜಾಗದಲ್ಲಿ ಅರವತ್ತೆಂಟನೇ ದಿನ ಎರಡು ಅಕ್ಷರಗಳಿದ್ದವು, ಹಳೆಯದು ಹೆಚ್ಚು, ಹೊಸದು ಸ್ವಲ್ಪ. ಎಪ್ಪತ್ತೈದನೇ ದಿನ ಔಷಧಿ ಕೊಟ್ಟರು. ತೊಂಬತ್ತೇಳನೇ ದಿನ ಹೊಸದೊಂದೇ ಉಳಿದಿತ್ತು. ಔಷಧಿಯು ಹಳೆಯದನ್ನು ಅಚ್ಚುಕಟ್ಟಾಗಿ ಮುಗಿಸಿ, ತನಗೆ ಬಗ್ಗದವಕ್ಕೆ ಮನೆ ಖಾಲಿ ಮಾಡಿಕೊಟ್ಟಿತ್ತು. ಅದೇ ಔಷಧಿಯನ್ನು ಮರುದಿನ ಹನ್ನೊಂದಕ್ಕೆ ಮತ್ತೆ ಕೊಡುವವರಿದ್ದರು. ಅದರಿಂದ ಏನೂ ಆಗುವುದಿಲ್ಲ. ಏನೂ ಆಗಲಿಲ್ಲ ಎಂದು ಗೊತ್ತಾಗಲು ಇನ್ನೊಂದು ತಿಂಗಳು ಬೇಕು. ಮಾವನ ಬಳಿ ಇದ್ದದ್ದೇ ಒಂದು ತಿಂಗಳು.

ಹಾಳೆಗಳನ್ನು ಮುಂದಿಟ್ಟುಕೊಂಡು ಇಪ್ಪತ್ತು ನಿಮಿಷ ಸುಮ್ಮನೆ ಕೂತೆ. ಯಾರದೆಂದು ಹೇಳದೆ ‘ಮರುಪರೀಕ್ಷೆ’ ಎಂದು ಬರೆದು ಸರದಿಗೆ ಹಾಕಬಹುದಿತ್ತು. ಸರದಿ ಹನ್ನೆರಡು ದಿನದ್ದು. ಹೇಳಿದರೆ ನಿಯಮ ಮುರಿದದ್ದೂ ಗೊತ್ತಾಗುತ್ತದೆ, ನಾಲ್ಕು ಸಹಿ ತಪ್ಪೆಂಬುದೂ ಗೊತ್ತಾಗುತ್ತದೆ. ಹತ್ತು ವರ್ಷದಲ್ಲಿ ನನ್ನ ಒಂದು ಸಹಿಯೂ ತಪ್ಪಾಗಿರಲಿಲ್ಲ. ಅದು ನನಗೆ ಎಷ್ಟು ದೊಡ್ಡ ವಿಷಯ ಎಂದು ಆ ಇಪ್ಪತ್ತು ನಿಮಿಷದಲ್ಲಿ ತಿಳಿಯಿತು. ತಿಳಿದದ್ದು ಚೆನ್ನಾಗಿರಲಿಲ್ಲ.

“ಕೂತ್ಕೊಳ್ಳಿ,” ಎಂದರು ಮೇಡಂ. “ಮೇಜು ಈಗ ತಾನೇ ಒರೆಸಿದೀನಿ, ಕೈ ಇಡಬೇಡಿ.”

ನಾನು ಹಾಳೆಗಳನ್ನು ಕೊಟ್ಟೆ. ಅವರು ನೋಡಿದರು.

“ಇದು ಕೊಳೆ.”

“ಕೊಳೆ ಅಂತ ನಾನೇ ಸಹಿ ಮಾಡಿದ್ದು ಮೇಡಂ. ಒಂದರ ಪಕ್ಕ ಒಂದಿಟ್ಟು ನೋಡಿ.”

ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಬೆರಳಿಟ್ಟು ಎಣಿಸುವುದನ್ನು ನಾನು ಅವರಲ್ಲಿ ಮೊದಲ ಸಲ ನೋಡಿದೆ.

“ನಾಲ್ಕೂ ಒಬ್ಬರದೇ ಅಂತೀರಾ?”

“ಹೌದು.”

“ನಿಮಗೆ ಹೇಗೆ ಗೊತ್ತು?”

“ಗೊತ್ತಾಗಬಾರದಿತ್ತು.”

“ಅದು ಉತ್ತರ ಅಲ್ಲ.”

“ನಮ್ಮ ಸೋದರಮಾವ, ಮೇಡಂ. ಡೈರಿ ಬರೀತಾರೆ.”

“ವೈರಸ್ಸಿನ ಬಗ್ಗೆನಾ?”

“ಮೂಗಿನ ಬಗ್ಗೆ.”

ಮೇಡಂ ಗೋಡೆಯ ಕಡೆ ತಿರುಗಿದರು. ಅಲ್ಲಿ ನಮ್ಮ ವಂಶವೃಕ್ಷದ ದೊಡ್ಡ ಚಿತ್ರ ತೂಗುಹಾಕಿದೆ. ಯಾವ ಕೊಂಬೆಯೂ ಆಚೀಚೆ ಇಲ್ಲದೆ, ಕತ್ತರಿ ಹಾಕಿದ ಬೇಲಿಯ ಹಾಗೆ.

“ಮರ ಇಷ್ಟು ಚೆನ್ನಾಗಿ ಬಂದಿದೆಯಲ್ಲ ಅಂತ ನನಗೆ ಯಾವಾಗಲೂ ಖುಷಿ,” ಎಂದರು. “ಹೊಂದದ್ದನ್ನೆಲ್ಲ ಕಿತ್ತುಹಾಕಿದ್ರೆ ಚೆನ್ನಾಗಿಯೇ ಬರುತ್ತೆ.”

ಆಮೇಲೆ ಕಾಗದ ತೆಗೆದುಕೊಂಡು ನನಗೊಂದು ಮೆಮೋ ಬರೆದರು. ಗೋಪ್ಯತೆಯ ನಿಯಮ ಉಲ್ಲಂಘನೆ. ವಿಚಾರಣೆ ಮುಗಿಯುವವರೆಗೆ ಈ ರೋಗಿಯ ಯಾವ ಮಾದರಿಯನ್ನೂ ಮುಟ್ಟತಕ್ಕದ್ದಲ್ಲ. ತಾರೀಖು ಹಾಕಿದರು, ಹೊತ್ತು ಹಾಕಿದರು, ತಲುಪಿದೆ ಎಂದು ನನ್ನ ಸಹಿ ಪಡೆದರು. ಅದು ಮುಗಿದ ಮೇಲೆ ಎದ್ದು ಕೈಗವಸು ಹಾಕಿಕೊಂಡರು.

“ಮಾದರಿ ತರಿಸಿ. ಸರದಿ ಬೇಡ, ನಾನೇ ಓದ್ತೀನಿ.”

ಮೇಡಂ ದ್ರವ ಹೀರುವ ಪಿಪೆಟ್ ಮುಟ್ಟದೆ ಒಂಬತ್ತು ವರ್ಷವಾಗಿತ್ತು.

ಡಾಕ್ಟರಿಗೆ ಫೋನು ಮಾಡಿದ್ದೂ ಅವರೇ. ಡಾಕ್ಟರ ಧ್ವನಿ ನನಗೂ ಕೇಳುತ್ತಿತ್ತು. “ಕಾಗದ ಕೊಡಿ, ನಿಲ್ಲಿಸ್ತೀನಿ. ಬಾಯಿಮಾತಿಗೆ ನಿಲ್ಲಿಸಿದ್ರೆ ನನಗೆ ಮೆಮೋ ಬರುತ್ತೆ.”

“ಇವತ್ತು ಎಲ್ಲರಿಗೂ ಬರ್ತಿದೆ,” ಎಂದು ಮೇಡಂ ಫೋನಿಟ್ಟರು.

ಮಾದರಿಯನ್ನು ಸಿಸ್ಟರ್ ತಾವೇ ತಂದರು. ಗಟ್ಟಿಮುಟ್ಟಾದ ಹೆಂಗಸು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಎರಡೂ ಅಂಗೈಗಳನ್ನು ಮೇಡಂ ಮುಂದೆ ಚಾಚಿದರು.

“ನೋಡ್ಕೊಳ್ಳಿ. ಮೂರು ಸಲ ತೊಳೆದಿದೀನಿ. ಮತ್ತೆ ಕೊಳೆ ಅಂತ ಬಂದ್ರೆ ಈ ಸಲ ನಿಮ್ಮ ಮೂಗಿಂದ ತೆಗೀತೀನಿ.”

“ಕೈ ಚೆನ್ನಾಗಿದೆ,” ಎಂದರು ಮೇಡಂ. “ತಪ್ಪು ನಮ್ಮದಿರಬಹುದು.”

ಸಿಸ್ಟರ್ ನನ್ನ ಕಡೆ ತಿರುಗಿದರು. “ಸಹಿ ಮಾಡೋರು ನೀವಾ?”

“ನಾನೇ.”

“ಅಕ್ಷರ ಚೆನ್ನಾಗಿದೆ,” ಎಂದು ಹೊರಟುಹೋದರು.

ಆ ಇಡೀ ಬುಧವಾರ ನಾನು ಯಂತ್ರದ ಕೋಣೆಯ ಗಾಜಿನ ಬಾಗಿಲ ಈಚೆ ನಿಂತು ನೋಡುತ್ತಿದ್ದೆ. ಮೇಡಂ ಪುಸ್ತಕ ತೆರೆದಿಟ್ಟುಕೊಂಡು ಒಂದೊಂದೇ ಹೆಜ್ಜೆ ಓದಿ ಮಾಡುತ್ತಿದ್ದರು. ಎರಡು ಕಡೆ ನಾನು ಗಾಜು ತಟ್ಟಿ, ಇನ್ನೂ ಐದು ನಿಮಿಷ ಬಿಡಿ ಎಂದು ಬೆರಳು ತೋರಿಸಿದೆ. ಮಾದರಿ ಮುಟ್ಟಬಾರದು ಎಂದಿತ್ತೇ ಹೊರತು ಬೆರಳು ತೋರಿಸಬಾರದು ಎಂದಿರಲಿಲ್ಲ. ಸಂಜೆ ಭೇಟಿಗೆ ಹೋಗಲಿಲ್ಲ. ಹೋದರೆ ಮಾವ ಕೇಳುತ್ತಾರೆ, ಕೇಳಿದರೆ ಹೇಳಿಬಿಡುತ್ತೇನೆ. ‘ಸೈಂಟಿಸ್ಟ್ ಬರಲಿಲ್ಲ’ ಎಂದು ಆ ದಿನದ ಸಾಲಿನಲ್ಲಿದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಫಲಿತಾಂಶ ಬಂತು. ಇಪ್ಪತ್ತೊಂಬತ್ತು ಬದಲಾವಣೆ. ಹಳೆಯ ಇಪ್ಪತ್ತೈದೂ ಒಳಗಿದ್ದವು. ಪ್ರತಿಕಾಯ ಅಂಟಬೇಕಾದ ಜಾಗದಲ್ಲಿ ಹೊಸ ಅಕ್ಷರ, ಹಳೆಯದರ ಸುಳಿವೇ ಇಲ್ಲ. ಇನ್ನೊಂದು ವಿಷಯವಿತ್ತು: ವೈರಸ್ಸು ನಕಲು ತೆಗೆಯುವುದನ್ನು ತಡೆಯುವ ಔಷಧಿ ಹೋಗಿ ಕೂರುವ ಜಾಗವಾಗಲಿ, ಅದು ತನ್ನ ಪ್ರೋಟೀನುಗಳನ್ನು ತುಂಡರಿಸಿಕೊಳ್ಳುವ ಕತ್ತರಿಯನ್ನು ಮೊಂಡು ಮಾಡುವ ಮಾತ್ರೆ ಹೋಗಿ ಕೂರುವ ಜಾಗವಾಗಲಿ ಬದಲಾಗಿರಲಿಲ್ಲ. ಅವೆರಡನ್ನೂ ಮಾವನಿಗೆ ಇನ್ನೂ ಕೊಟ್ಟಿರಲಿಲ್ಲ. ವೈರಸ್ಸಿಗೆ ಆ ಕಡೆ ಬದಲಾಗುವ ಅಗತ್ಯ ಬಿದ್ದಿರಲಿಲ್ಲ.

ಮೇಡಂ ವರದಿ ಬರೆದರು. ಒಂದು ಅಲ್ಪವಿರಾಮ ತೆಗೆದರು. ಮತ್ತೆ ಅದನ್ನು ಅಲ್ಲೇ ಹಾಕಿದರು. ಆಗ ಹತ್ತೂ ಮೂವತ್ತು.

“ಮೇಲ್ ಮಾಡಿದ್ರೆ ನೋಡ್ತಾರೋ ಇಲ್ವೋ,” ಎಂದು ಕಾಗದ ಹಿಡಿದು ತಾವೇ ಹೊರಟರು. ಅಂಗಳ ದಾಟಲು ಆರು ನಿಮಿಷ. ಮೇಡಂ ಎಂದೂ ಬಿರುಸಾಗಿ ನಡೆದವರಲ್ಲ, ಅಂದೂ ನಡೆಯಲಿಲ್ಲ. ನಾನು ಅವರ ಹಿಂದೆ, ಅವರಷ್ಟೇ ನಿಧಾನವಾಗಿ, ಒದ್ದಾಡಿಕೊಂಡು ನಡೆದೆ.

ವಾರ್ಡಿನ ಬಾಗಿಲಲ್ಲಿ ಡ್ರಿಪ್ಪಿನ ಸ್ಟ್ಯಾಂಡ್ ಸಿದ್ಧವಾಗಿ ನಿಂತಿತ್ತು. ಡಾಕ್ಟರು ವರದಿಯನ್ನು ಎರಡು ಸಲ ಓದಿದರು.

“ಅಂದ್ರೆ ಹೋದ ಸಲ ನಾವು ಕೊಟ್ಟಿದ್ದು…”

“ನೀವು ಕೊಟ್ಟಿದ್ದೇ ಇದನ್ನ ಆರಿಸಿದ್ದು,” ಎಂದರು ಮೇಡಂ. “ನಾವು ಆಗಲೇ ಹೇಳಿದ್ರೆ ನಿಮಗೆ ಗೊತ್ತಾಗ್ತಿತ್ತು. ನಾವು ಕೊಳೆ ಅಂದ್ವಿ.”

ಡಾಕ್ಟರು ಸಿಸ್ಟರನ್ನು ಕರೆದು, ಬಾಟಲಿ ವಾಪಸ್ ಫ್ರಿಜ್ಜಿಗಿಡಿ ಎಂದರು. ಸಂಜೆಯೊಳಗೆ ಮೂವರು ಹಿರಿಯ ಡಾಕ್ಟರುಗಳ ಒಪ್ಪಿಗೆ ಪಡೆದು ಬೇರೆ ಎರಡು ಔಷಧಿ ಬರೆದರು. ರಕ್ತನಾಳಕ್ಕೆ ಒಂದು, ನುಂಗಲು ಒಂದು, ಎರಡೂ ಒಟ್ಟಿಗೆ. ಬೇರೆಯವರಿಗೆ ಐದು ದಿನ ಕೊಡುವುದನ್ನು ಇವರಿಗೆ ಇಪ್ಪತ್ತು ದಿನ. ಹೋಗುತ್ತದೆ ಎಂದು ಈ ಸಲ ಅವರು ಹೇಳಲಿಲ್ಲ. ನೋಡೋಣ ಎಂದರು.

ಮಾವನಿಗೆ ಗಾಜಿನ ಈಚೆಯಿಂದ ಹೇಳಿದ್ದು ನಾನೇ. ಎಲ್ಲ ಕೇಳಿ ಅವರು ಡೈರಿಯಲ್ಲಿ ಬರೆದುಕೊಂಡರು.

“ಯಾಕೆ ಎರಡು ಒಟ್ಟಿಗೆ? ಮೊದಲು ಒಂದು ಕೊಟ್ಟು ನೋಡಬಹುದಲ್ಲ.”

“ಒಂದೇ ಕೊಟ್ರೆ ಅದನ್ನ ತಪ್ಪಿಸ್ಕೊಳ್ಳೋದನ್ನ ಕಲಿಯುತ್ತೆ, ಮಾವ. ಎರಡರಿಂದಲೂ ಒಂದೇ ಸಲ ತಪ್ಪಿಸ್ಕೊಳ್ಳೋ ಅಂಥ ತಪ್ಪು ಅದಕ್ಕೆ ಸುಲಭಕ್ಕೆ ಆಗಲ್ಲ.”

“ಸರಿ ಬಿಡು. ಒಂದು ರಸ್ತೆ ಮುಚ್ಚಿದ್ರೆ ಡ್ರೈವರ್ ಸಂದಿಯಲ್ಲಿ ನುಗ್ಗಿಸ್ತಾನೆ. ಎರಡೂ ಮುಚ್ಚಿದ್ರೆ ಇಳಿದು ಬೀಡಿ ಸೇದ್ತಾನೆ.” ಆಮೇಲೆ ಕೇಳಿದರು: “ಈ ವೈರಸ್ಸು ಬೇರೆ ಯಾರ ಹತ್ರಾನೂ ಇಲ್ವಾ?”

“ಇಲ್ಲ. ನಿಮ್ಮೊಳಗೇ ಹುಟ್ಟಿದ್ದು. ಈ ಕೋಣೆ ಬಿಟ್ಟು ಹೊರಗೆ ಹೋಗಿಲ್ಲ.”

“ಹಾಗಾದ್ರೆ ನನ್ನ ಹೆಸರು ಇಡ್ತಾರಾ?”

“ನಂಬರ್ ಇಡ್ತಾರೆ.”

“ಬಸ್ಸಿಗೆ ಇಟ್ಟ ಹಾಗೆ,” ಎಂದು ತಲೆಯಾಡಿಸಿದರು. ಬೇಸರವಾದಂತೆ ಕಾಣಲಿಲ್ಲ.

ಅತ್ತೆ ಫೋನು ಕಿತ್ತುಕೊಂಡರು. “ಐದು ತಿಂಗಳು ಸಾಕಿದೀರಿ, ಸಾಕು. ಇನ್ನು ಹೊರಗೆ ಕಳಿಸಿ.”

“ಎಲ್ಲಿಗೆ ಕಳಿಸಲಿ?”

“ಕಳಿಸೋದು ಬೇಡ. ಅಲ್ಲೇ ಸಾಯಿಸಿ.”

ನೂರ ಅರವತ್ತೊಂದನೇ ದಿನದ ಪರೀಕ್ಷೆಯಲ್ಲಿ ವೈರಸ್ಸು ಇದೆಯೋ ಇಲ್ಲವೋ ಎಂಬಷ್ಟಿತ್ತು. ನೂರ ಅರವತ್ತೆಂಟರಂದು ಇರಲಿಲ್ಲ. ಒಂದೇ ಸಲ ಇಲ್ಲವಾದರೆ ಸಾಲದು, ಎರಡು ಸಲ ಇಲ್ಲವಾಗಬೇಕು. ನೂರ ಎಪ್ಪತ್ತೊಂದರಂದು ಸಿಸ್ಟರ್ ಕಡ್ಡಿ ಹಿಡಿದು ನಿಂತು, ಯಾವ ಕಡೆ ಎಂದು ಕೇಳಿದರು.

ಮಾವ ಡೈರಿ ನೋಡಿದರು. “ಬಲಗಡೆ. ಎಡಕ್ಕೆ ಒಂದು ಜಾಸ್ತಿ ಆಗಿದೆ.”

ಆ ಸಲವೂ ಇರಲಿಲ್ಲ.

ಸಿಸ್ಟರ ಮೆಮೋ ರದ್ದಾಗಲು ನಮ್ಮ ಲ್ಯಾಬು ಬರೆದುಕೊಟ್ಟ ಪತ್ರಕ್ಕೆ ಸಹಿ ಹಾಕಿದ್ದು ನಾನು. ಅವರು ಅದನ್ನು ಪ್ಲಾಸ್ಟಿಕ್ ಹಾಕಿಸಿ ನರ್ಸುಗಳ ಕೋಣೆಯಲ್ಲಿ ಅಂಟಿಸಿದ್ದಾರೆ. ನನ್ನ ಮೆಮೋ ಹಾಗೇ ಇದೆ, ವಿಚಾರಣೆ ನಡೆಯುತ್ತಿದೆ. ಮೇಡಂ ಉಳಿದ ಮೂವತ್ತೇಳು ಕೊಳೆಗಳನ್ನೂ ತೆಗೆಸಿ ಒಂದರ ಪಕ್ಕ ಒಂದಿಡಿಸಿದ್ದಾರೆ. ಮೂವತ್ತೊಂದು ನಿಜವಾಗಿಯೂ ಕೊಳೆ. ಆರರ ಬಗ್ಗೆ ಇನ್ನೂ ಗೊತ್ತಿಲ್ಲ. ಟ್ಯೂಬಿಗೆ ಈಗಲೂ ಹೆಸರಿಲ್ಲ, ಆದರೆ ಒಬ್ಬ ಮನುಷ್ಯನಿಗೆ ಒಂದೇ ನಂಬರು. ಗೋಡೆಯ ಮೇಲಿನ ಮರದಿಂದ ಒಂದು ಕೊಂಬೆ ಉದ್ದವಾಗಿ, ಚಿತ್ರದ ಚೌಕಟ್ಟಿನಾಚೆ ಚಾಚಿಕೊಂಡಿದೆ. ಅದಕ್ಕಾಗಿ ಪಕ್ಕದಲ್ಲೊಂದು ಹಾಳೆ ಅಂಟಿಸಬೇಕಾಯಿತು. ಮೇಡಂ ಅದನ್ನು ದಿನಾ ಒರೆಸುತ್ತಾರೆ.

ಮಾವನನ್ನು ಗಾಜಿನ ಕೋಣೆಯಿಂದ ಈಚೆ ತಂದ ದಿನ ಅತ್ತೆ ಕಾರಿಡಾರಿನಲ್ಲೇ ನಿಂತು ಊರಿಗೆಲ್ಲ ಫೋನು ಮಾಡಿದರು.

“ಎಲ್ಲ ಹೋಯ್ತು ಕಣ್ರೀ. ಪೂರ್ತಿ ಹೋಯ್ತು. ಈಗೇನೂ ಇಲ್ಲ, ಬರೀ ಕ್ಯಾನ್ಸರ್.”

ಮಾವ ಗಾಲಿಕುರ್ಚಿಯಲ್ಲಿ ಕೂತಿದ್ದರು. ಕೀಮೋ ಸೋಮವಾರ ಒಂಬತ್ತೂವರೆಗೆ, ಕೈಯ ನರಕ್ಕೆ ಸೂಜಿ ಹಾಕಿ ಕೊಡುತ್ತಾರೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಕತ್ತಿನ ಗಂಟು ಎಷ್ಟು ಬೆಳೆದಿದೆ, ಔಷಧಿ ಈಗಲೂ ಹಿಡಿಯುತ್ತದೆಯೇ ಎಂದು ಮಾವ ಕೇಳಲಿಲ್ಲ. ಮೊದಲ ಸಲ ಗಾಜಿಲ್ಲದೆ ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಡೈರಿಯ ಹೊಸ ಪುಟ ತೆಗೆದು, ಮೊಣಕಾಲ ಮೇಲಿಟ್ಟು ಗೆರೆ ಎಳೆದರು. ತಾರೀಖು, ಹೊತ್ತು. ಆಮೇಲೆ ಸ್ವಲ್ಪ ಯೋಚಿಸಿ ಇನ್ನೆರಡು ಗೆರೆ ಎಳೆದು, ಮೇಲೆ ಬರೆದರು: ಎಡಗೈ, ಬಲಗೈ.